ಜಪಸರಕ್ಕೆ ಪಿಟೀಲಿನ ನಾದ ನೀಡಿದ ಬೀಬರ್

ಅಕ್ಟೋಬರ್ ತಿಂಗಳು ಜಪಸರ ಮಾತೆಗೆ ಮೀಸಲಾದ ತಿಂಗಳು. ಅದರ ಎರಡನೆಯ ದಿನ ಕಾವಲುದೂತರ ಸ್ಮರಣೆ. ಈ ಎರಡು ಭಕ್ತಿಗಳನ್ನೂ ಒಂದೇ ಸಂಗೀತಕೃತಿಯಲ್ಲಿ ಹೆಣೆದ ಮಹನೀಯರು ಹೈನ್ರಿಖ್ ಇಗ್ನಾಟ್ಸ್ ಫ್ರಾಂಟ್ಸ್ ಬೀಬರ್. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಪಾಶ್ಚಾತ್ಯ ಪಿಟೀಲು ಕಲಿಯುವ ನಮ್ಮ ಮಕ್ಕಳಿಗೆ ಬಾಖ್, ವಿವಾಲ್ಡಿಯರ ಹೆಸರು ಪರಿಚಿತ. ಅವರಿಗಿಂತ ಹಿರಿಯರಾದ ಬೀಬರ್ ಅವರ ಬಾಳನ್ನು ಈ ವಾರ ಸ್ಮರಿಸೋಣ.

ಬೀಬರ್ ಜನಿಸಿದ್ದು 1644ರಲ್ಲಿ, ಬೊಹೀಮಿಯಾದ ವಾರ್ಟೆನ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ. ಅದು ಇಂದಿನ ಜೆಕ್ ಗಣರಾಜ್ಯದಲ್ಲಿದೆ. ಯೌವನದಲ್ಲಿ ಅವರು ಓಲೊಮೌಟ್ಸ್ ಧರ್ಮಾಧ್ಯಕ್ಷರ ಆಸ್ಥಾನದಲ್ಲಿ ವಾದಕರಾದರು. 1670ರಲ್ಲಿ ಧರ್ಮಾಧ್ಯಕ್ಷರು, ಪ್ರಸಿದ್ಧ ಪಿಟೀಲು ತಯಾರಕ ಯಾಕೋಬ್ ಸ್ಟೈನರ್ ಅವರಿಂದ ವಾದ್ಯಗಳನ್ನು ತರಲು ಅವರನ್ನು ಕಳುಹಿಸಿದರು. ಬೀಬರ್ ಅಲ್ಲಿಗೆ ಹೋಗಲೇ ಇಲ್ಲ. ಅಪ್ಪಣೆ ಪಡೆಯದೆ ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷ ಮ್ಯಾಕ್ಸಿಮಿಲಿಯನ್ ಗಂಡೋಲ್ಫ್ ಅವರ ಸೇವೆಗೆ ಸೇರಿಬಿಟ್ಟರು. ಹಳೆಯ ಒಡೆಯರು ನೊಂದುಕೊಂಡರೂ ದಂಡಿಸಲಿಲ್ಲ. ಬಿಡುಗಡೆಯ ಪತ್ರವನ್ನು ಮಾತ್ರ 1676ರವರೆಗೂ ಕೊಡಲಿಲ್ಲ. ದೊಡ್ಡವರ ಬಾಳಿನಲ್ಲೂ ಇಂತಹ ಕಲೆಗಳಿರುತ್ತವೆ. ಅವುಗಳನ್ನು ಮುಚ್ಚಿಟ್ಟು ಅವರನ್ನು ಗೌರವಿಸಬೇಕಾಗಿಲ್ಲ.

1672ರಲ್ಲಿ ಅವರು ಮರಿಯಾ ವೈಸ್ ಎಂಬಾಕೆಯನ್ನು ವಿವಾಹವಾದರು. ಹುಟ್ಟಿದ ಹನ್ನೊಂದು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ನಾಲ್ವರು ಮಾತ್ರ. ಆ ನಾಲ್ವರಿಗೂ ಸಂಗೀತ ಒಲಿದಿತ್ತು. ಹೆಣ್ಣುಮಕ್ಕಳಿಬ್ಬರು ಕನ್ಯಾಮಠ ಸೇರಿದರು. 1684ರಲ್ಲಿ ಬೀಬರ್ ಆಸ್ಥಾನದ ಪ್ರಧಾನ ಸಂಗೀತ ನಿರ್ದೇಶಕರಾದರು. 1690ರಲ್ಲಿ ಚಕ್ರವರ್ತಿ ಮೊದಲನೆಯ ಲಿಯೊಪೋಲ್ಡ್ ಅವರಿಗೆ ಕುಲೀನ ಪದವಿಯನ್ನಿತ್ತರು. 1704ರ ಮೇ 3ರಂದು ಅವರು ಸಾಲ್ಜ್‌ಬರ್ಗಿನಲ್ಲೇ ದೈವಾಧೀನರಾದರು. ಮೋಟ್ಸಾರ್ಟ್ ಅದೇ ಊರಿನಲ್ಲಿ ಜನಿಸಿದ್ದು ಅದಾಗಿ ಐವತ್ತೆರಡು ವರ್ಷಗಳ ನಂತರ.

ಅವರ ಹೆಸರನ್ನು ಉಳಿಸಿರುವುದು ಜಪಸರದ ಸೊನಾಟಾಗಳು. ಸುಮಾರು 1676ರಲ್ಲಿ ರಚಿಸಿ, ಮಹಾಧರ್ಮಾಧ್ಯಕ್ಷರಿಗೆ ಅರ್ಪಿಸಿದ ಈ ಕೃತಿಯ ಹಸ್ತಪ್ರತಿ ಮ್ಯೂನಿಕ್ ನಗರದ ಗ್ರಂಥಾಲಯದಲ್ಲಿದೆ. ಅದರ ಶೀರ್ಷಿಕೆಪುಟ ಕಳೆದುಹೋಗಿದೆ. ಅಚ್ಚಿನ ರೂಪ ಕಂಡದ್ದು 1905ರಲ್ಲಿ. ಇದರಲ್ಲಿ ಹದಿನೈದು ಸೊನಾಟಾಗಳಿವೆ. ಸಂತೋಷದ, ದುಃಖದ ಹಾಗೂ ಮಹಿಮೆಯ ರಹಸ್ಯಗಳಿಗೆ ಐದೈದು. ಬೆಳಕಿನ ರಹಸ್ಯಗಳನ್ನು ಸಂತ ಎರಡನೆಯ ಜಾನ್ ಪಾಲರು ಸೇರಿಸಿದ್ದು 2002ರಲ್ಲಿ. ಒಂದೊಂದು ಸೊನಾಟಾದ ತಲೆಯಲ್ಲೂ ಆಯಾ ರಹಸ್ಯದ ಚಿತ್ರವನ್ನು ಅಂಟಿಸಲಾಗಿದೆ.

ಇಲ್ಲಿ ಬೀಬರ್ ಪಿಟೀಲಿನ ಶ್ರುತಿಯನ್ನೇ ರಹಸ್ಯಕ್ಕೆ ತಕ್ಕಂತೆ ಬದಲಿಸಿದರು. ನಮ್ಮ ಕರ್ನಾಟಕ ಸಂಗೀತದವರು ತಂತಿಗಳನ್ನು ಸ-ಪ-ಸ-ಪ ಎಂದು ಹೊಂದಿಸಿಕೊಳ್ಳುವುದನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಮೊದಲನೆಯದಾದ ಮಂಗಳವಾರ್ತೆಗೆ ಮಾತ್ರ ವಾಡಿಕೆಯ ಶ್ರುತಿ. ಉಳಿದ ಹದಿನಾಲ್ಕಕ್ಕೂ ಬೇರೆ ಬೇರೆ. ಗೆತ್ಸೆಮನಿ ತೋಪಿನ ವೇದನೆಯ ಸೊನಾಟಾ ಸಿ ಮೈನರ್ ಸ್ವರಶ್ರೇಣಿಯಲ್ಲಿದ್ದು, ಪ್ರಲಾಪವೆಂಬ ಹೆಸರಿನ ಭಾಗದಿಂದ ತೊಡಗುತ್ತದೆ. ಬದಲಾದ ಶ್ರುತಿಯಿಂದ ವಾದ್ಯದ ದನಿ ಮಬ್ಬಾಗಿ ಕೇಳುತ್ತದೆ. ಪುನರುತ್ಥಾನದ ಸೊನಾಟಾಕ್ಕೆ ನಡುವಿನ ಎರಡು ತಂತಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸಬೇಕು. ಆಗ ಪಿಟೀಲಿನ ಮೇಲೆ ತಂತಿಗಳಿಂದಲೇ ಶಿಲುಬೆಯ ಆಕಾರ ಮೂಡುತ್ತದೆ. ಶಿಲುಬೆಯನ್ನು ದಾಟಿಯೇ ಪುನರುತ್ಥಾನದ ನಾದ ಹೊರಡುವುದು.

ಹದಿನೈದು ಮುಗಿದ ಬಳಿಕ ಕೊನೆಗೊಂದು ಪಸ್ಸಕಾಲ್ಯ ಇದೆ. ಅದರ ಮುಂದೆ, ಮಗುವೊಂದರ ಜೊತೆಗಿರುವ ಕಾವಲುದೂತನ ಚಿತ್ರ. ಬೇರೆಲ್ಲ ಸೊನಾಟಾಗಳಿಗೂ ಜೊತೆವಾದ್ಯದ ಆಸರೆಯಿದ್ದರೆ, ಇಲ್ಲಿ ಪಿಟೀಲು ಒಂದೇ. ಶ್ರುತಿ ಮತ್ತೆ ವಾಡಿಕೆಯದು. ಶ್ರೇಣಿ ಜಿ ಮೈನರ್; ನಮ್ಮ ನಟಭೈರವಿಗೆ ಹತ್ತಿರವಾದದ್ದು. ಮಂದಗತಿಯಲ್ಲಿ ಸ-ನಿ-ದ-ಪ ಎಂದು ಇಳಿಯುವ ನಾಲ್ಕು ಸ್ವರಗಳು ಮೊದಲಿಗೆ ಒಂಟಿಯಾಗಿ ಕೇಳುತ್ತವೆ. ಅನಂತರ ಅವೇ ನಾಲ್ಕು ಸ್ವರಗಳು ಒಟ್ಟು ಅರವತ್ತೈದು ಬಾರಿ ಮರಳಿ ಬರುತ್ತವೆ. ಅವುಗಳ ಮೇಲೆ ರಾಗ ಒಮ್ಮೆ ಓಡುತ್ತದೆ, ಒಮ್ಮೆ ತಡೆದು ನಿಲ್ಲುತ್ತದೆ, ಒಮ್ಮೆ ನರಳುತ್ತದೆ. ಕೆಳಗಿನ ನಡಿಗೆ ಮಾತ್ರ ತಪ್ಪುವುದಿಲ್ಲ. ಮಗು ಎತ್ತ ಓಡಿದರೂ ದೂತನ ಹೆಜ್ಜೆ ಜೊತೆಗಿದ್ದಂತೆ. ಭಾವವು ಗಂಭೀರ, ಆದರೆ ಅದರಲ್ಲಿ ಹತಾಶೆಯಿಲ್ಲ. ಏಳು ಮಕ್ಕಳನ್ನು ಕಳೆದುಕೊಂಡ ಮನೆಯ ಯಜಮಾನರ ಕೃತಿಯಿದು ಎಂಬುದನ್ನು ನೆನೆದು ಕೇಳಿದಾಗ ನಮ್ಮ ಮನ ತೇವಗೊಳ್ಳುತ್ತದೆ.

ಜಪಸರವೆಂದರೆ ಹೇಳಿದ್ದನ್ನೇ ಹೇಳುವುದಲ್ಲವೇ ಎಂದು ನಮ್ಮ ಮಕ್ಕಳು ಕೇಳುವುದುಂಟು. ರಾತ್ರಿ ಪಾಳಿ, ಕಂಪನಿಯ ಬಸ್ಸು, ಟ್ಯೂಷನ್‌ಗಳ ನಡುವೆ ಮನೆಮಂದಿ ಒಟ್ಟಿಗೆ ಮೊಣಕಾಲೂರುವ ಸಂಜೆಗಳು ವಿರಳವಾಗಿರುವಾಗ ಈ ಪ್ರಶ್ನೆಯನ್ನು ಗದರಿ ಅಡಗಿಸುವುದು ಸಲ್ಲದು. ಉತ್ತರವನ್ನು ಬೀಬರ್ ತಮ್ಮ ಕೃತಿಯಲ್ಲೇ ಇಟ್ಟಿದ್ದಾರೆ. ಮರಳಿ ಮರಳಿ ಬರುವ ನಮೋ ಮರಿಯಾ ಪ್ರಾರ್ಥನೆ ಆ ನಾಲ್ಕು ಸ್ವರಗಳಿದ್ದಂತೆ. ಅದರ ಮೇಲೆ ಪ್ರಭುವಿನ ಬಾಳಿನ ಧ್ಯಾನವೆಂಬ ರಾಗ ಅರಳಬೇಕು. ರಾಗವಿಲ್ಲದೆ ನಾಲ್ಕು ಸ್ವರಗಳನ್ನಷ್ಟೇ ನುಡಿಸಿದರೆ ಮಕ್ಕಳ ದೂರು ನಿಜವೇ ಆಗುತ್ತದೆ. ನಾಲ್ಕು ಸ್ವರಗಳನ್ನು ಕೈಬಿಟ್ಟರೆ ರಾಗಕ್ಕೆ ನೆಲೆಯೇ ಇಲ್ಲ.

ಈ ಪಸ್ಸಕಾಲ್ಯವನ್ನು ನುಡಿಸಲು ಹತ್ತು ನಿಮಿಷವೂ ಹಿಡಿಯದು. ಈ ತಿಂಗಳ ಒಂದು ಸಂಜೆ, ಜಪಸರಕ್ಕೆ ಮೊದಲು, ಮನೆಯ ಹಿರಿಯರೂ ಕಿರಿಯರೂ ಜೊತೆಯಾಗಿ ಕುಳಿತು ಅದನ್ನು ಆಲಿಸುವಂತಾಗಲಿ. ಆಮೇಲೆ ಮಣಿಗಳನ್ನು ಕೈಗೆತ್ತಿಕೊಳ್ಳೋಣ.