ಶ್ರೀಮತಿ ಬರ್ತಾ ಬೆಂಝ್

ಮೋಟಾರುಗಾಡಿಯನ್ನು ನಿರ್ಮಿಸಿದವನು ಯಾರೆಂದು ಕೇಳಿದರೆ ಜರ್ಮನಿಯ ಕಾರ್ಲ್ ಬೆಂಝ್ ಎಂದು ನಮ್ಮಲ್ಲಿ ಅನೇಕರು ಹೇಳಬಲ್ಲರು. ಆದರೆ ಆ ಗಾಡಿಯನ್ನು ಮೊದಲು ದೂರದ ಹಾದಿಗೆ ಇಳಿಸಿ, ಅದು ಕೆಟ್ಟು ನಿಂತಾಗ ದೋಷವನ್ನು ಕಂಡು ತಿದ್ದಿದವಳು ಅವನ ಪತ್ನಿ ಎಂಬುದನ್ನು ಬಲ್ಲವರು ವಿರಳ. ಆ ಮಹಿಳೆಯ ಜೀವನವನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ನನ್ನ ಉದ್ದೇಶ.

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ. ತನಗೆ ಬರಬೇಕಾಗಿದ್ದ ಸ್ತ್ರೀಧನದ ಹಣವನ್ನು ಮದುವೆಗೆ ಮೊದಲೇ ಕಾರ್ಲನ ಕಾರ್ಖಾನೆಗೆ ಕೊಟ್ಟು ಅದನ್ನು ಉಳಿಸಿದಳು. 1872ರಲ್ಲಿ ವಿವಾಹ ನಡೆಯಿತು. 1886ರ ಜನವರಿಯಲ್ಲಿ ಕಾರ್ಲನು ತನ್ನ ಮೂರು ಚಕ್ರದ ಗಾಡಿಗೆ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದನು. ಆದರೆ ಕೊಳ್ಳುವವರಿಲ್ಲ. ಕುದುರೆಯಿಲ್ಲದ ಬಂಡಿಯನ್ನು ಜನ ನಂಬಲಿಲ್ಲ. ಸಂಸಾರದ ಹಣವೆಲ್ಲ ಅದರಲ್ಲಿಯೇ ಹೂತುಹೋಗಿತ್ತು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಬರ್ತಾ ಪತಿಗೆ ತಿಳಿಸದೆ, 15 ವರ್ಷದ ಓಯ್ಗನ್ ಮತ್ತು 13 ವರ್ಷದ ರಿಚರ್ಡ್ ಎಂಬ ಮಕ್ಕಳೊಡನೆ ಮಾನ್‌ಹೈಮ್‌ನಿಂದ ತವರಿಗೆ ಹೊರಟಳು. ದೂರ ಸುಮಾರು 100 ಕಿಲೋಮೀಟರು. ಗಾಡಿ ನಡುದಾರಿಯಲ್ಲಿ ಸೋತಿದ್ದರೆ ಜನರ ಅಪನಂಬಿಕೆಗೆ ಅದೇ ಸಾಕ್ಷಿಯಾಗುತ್ತಿತ್ತು.

ಇಂಜಿನು ಮುಗ್ಗರಿಸಿ ನಿಂತರೆ ಇಂದಿನ ಮೆಕ್ಯಾನಿಕ್ ಕೂಡ ಮೊದಲು ಎರಡು ಪ್ರಶ್ನೆ ಕೇಳುತ್ತಾನೆ: ಇಂಧನ ಬರುತ್ತಿದೆಯೆ? ಕಿಡಿ ಹಾರುತ್ತಿದೆಯೆ? ಬರ್ತಾಳ ಪಯಣದಲ್ಲಿ ಈ ಎರಡು ತೊಡಕುಗಳೂ ಎದುರಾದವು. ಇಂಧನದ ನಳಿಗೆಯಲ್ಲಿ ಕಸ ಕಟ್ಟಿಕೊಂಡಾಗ ತನ್ನ ಟೋಪಿಯ ಉದ್ದ ಸೂಜಿಯಿಂದ ಅದನ್ನು ಬಿಡಿಸಿದಳು. ಕಿಡಿಗೆ ವಿದ್ಯುತ್ತನ್ನು ಒಯ್ಯುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಬಿಚ್ಚಿ ಸುತ್ತಿದಳು. ಹೊದಿಕೆಯಿಲ್ಲದ ತಂತಿ ಲೋಹಕ್ಕೆ ತಾಗಿದರೆ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ, ಕಿಡಿ ತಪ್ಪುತ್ತದೆ. ಇಂಧನ ಮುಗಿಯುತ್ತ ಬಂದಾಗ ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ದ್ರವವನ್ನು ಕೊಂಡಳು. ಏರಿನಲ್ಲಿ ಮಕ್ಕಳು ಗಾಡಿಯನ್ನು ತಳ್ಳಿದರು. ಮರದ ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಅಂದು ಸಂಜೆ ತವರು ಸೇರಿ ಪತಿಗೆ ತಂತಿ ಕಳುಹಿಸಿದಳು. ಕೆಲವು ದಿನಗಳ ಮೇಲೆ ಅದೇ ಗಾಡಿಯಲ್ಲಿ ಹಿಂದಿರುಗಿದಳು.

ಆಕೆ ಕಂಡುಬಂದ ಕೊರತೆಗಳು ವ್ಯರ್ಥವಾಗಲಿಲ್ಲ. ಏರು ಹತ್ತಲು ಕಾರ್ಲನು ಇನ್ನೊಂದು ಗೇರನ್ನು ಸೇರಿಸಿದನು. ಗಾಡಿಯ ಕೀರ್ತಿ ಹಬ್ಬಿತು. ಪತಿ 1929ರಲ್ಲಿ ತೀರಿಕೊಂಡನು. ಬರ್ತಾ 1944ರ ಮೇ 5ರಂದು, 95 ತುಂಬಿದ ಎರಡೇ ದಿನಗಳಲ್ಲಿ, ಲಾಡೆನ್‌ಬುರ್ಗ್‌ನಲ್ಲಿ ಕಣ್ಮುಚ್ಚಿದಳು.

ಹಕ್ಕುಪತ್ರದಲ್ಲಿ ಆಕೆಯ ಹೆಸರಿಲ್ಲ. ಇಂಜಿನಿಯರಿಂಗ್ ಪದವಿಯೂ ಆಕೆಗಿರಲಿಲ್ಲ. ಆದರೂ ಯಂತ್ರದ ಮುಂದೆ ಕೈಕಟ್ಟಿ ನಿಲ್ಲದೆ, ಕಾರಣವನ್ನು ಹುಡುಕಿ, ಕೈಗೆ ಸಿಕ್ಕಿದ್ದರಿಂದಲೇ ಪರಿಹಾರ ಕಂಡುಕೊಂಡಳು. ವಿದ್ಯೆ ಎಂದರೆ ಇದಲ್ಲವೆ ಎಂದು ನನಗೆ ತೋರುತ್ತದೆ. ನಮ್ಮ ಸೋದರ ಸೋದರಿಯರು ಪ್ರಯೋಗಶಾಲೆಯಲ್ಲಿ ಉಪಕರಣ ಕೆಟ್ಟಿತೆಂದು ಎದ್ದುಹೋಗುವ ಮೊದಲು ಆ ಟೋಪಿಸೂಜಿಯನ್ನು ಒಮ್ಮೆ ನೆನೆಯಲಿ.