ತಾಯಿಯ ಹೆಸರಿನ ಬಾಗಿಲು: ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳ ಹಳ್ಳಿಗಳಿಂದ ಬಸುರಿ ಹೆಂಗಸರನ್ನು ಕರೆದುಕೊಂಡು ಕೋಲಾರಕ್ಕೆ ಬರುವವರು ಅಲ್ಲಿಯ ಜಿಲ್ಲಾ ಆಸ್ಪತ್ರೆಯನ್ನು ಎಸ್. ಎನ್. ಆರ್. ಎಂದೇ ಕರೆಯುತ್ತಾರೆ. ಆ ಮೂರಕ್ಷರಗಳು ಶ್ರೀ ನರಸಿಂಹರಾಜರ ಹೆಸರಿನ ಸಂಕ್ಷೇಪವೆಂಬುದು ಎಷ್ಟೋ ಮಂದಿಗೆ ಮರೆತುಹೋಗಿದೆ. ಹೆರಿಗೆ ಕಠಿನವೆಂದು ಕಂಡರೆ ವೈದ್ಯರು ಬೆಂಗಳೂರಿಗೆ ಕಳುಹಿಸುವುದುಂಟು; ಅಲ್ಲಿರುವುದು ವಾಣಿವಿಲಾಸ ಆಸ್ಪತ್ರೆ. ಹೀಗೆ ನಮ್ಮ ಸೀಮೆಯ ಹೆಣ್ಣುಮಗಳು ಮಗನ ಹೆಸರಿನ ಬಾಗಿಲನ್ನು ದಾಟಿ ತಾಯಿಯ ಹೆಸರಿನ ಬಾಗಿಲನ್ನು ಸೇರುತ್ತಾಳೆ. ಆ ತಾಯಿ ಯಾರು, ಸೋಂಕೆಂಬುದು ಆಕೆಯ ಬಾಳನ್ನು ಎಷ್ಟು ಸಲ ತಟ್ಟಿತು ಎಂಬುದನ್ನು ನೆನೆಯುವುದು ಇಂದಿಗೂ ವ್ಯರ್ಥವಾಗಲಾರದು.

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು ೧೮೬೬ರಲ್ಲಿ, ಕಳಲೆಯ ಅರಸು ಮನೆತನದಲ್ಲಿ. ೧೮೭೮ರಲ್ಲಿ, ಇನ್ನೂ ಆಟದ ವಯಸ್ಸು ಕಳೆಯುವ ಮುನ್ನವೇ, ಚಾಮರಾಜೇಂದ್ರ ಒಡೆಯರ ಕೈಹಿಡಿದು ಮೈಸೂರಿನ ಅರಮನೆಗೆ ಬಂದರು. ಅರ್ಧ ಶತಮಾನ ಕಮಿಷನರುಗಳ ಆಳ್ವಿಕೆಯಲ್ಲಿದ್ದ ಸಂಸ್ಥಾನವು ೧೮೮೧ರಲ್ಲಿ ಮತ್ತೆ ಒಡೆಯರ ಕೈಸೇರಿತು. ಮಕ್ಕಳಾದರು, ಮನೆ ತುಂಬಿತು. ಆದರೆ ಆ ತುಂಬು ಬಾಳು ನಿಂತದ್ದು ಹದಿನಾರೇ ವರ್ಷ. ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಮಹಾರಾಜರನ್ನು ಡಿಫ್ತೀರಿಯವೆಂಬ ಗಂಟಲಮಾರಿ ಕೆಲವೇ ದಿನಗಳಲ್ಲಿ ಒಯ್ದುಬಿಟ್ಟಿತು. ಅರಸರಿಗೆ ಮೂವತ್ತೊಂದು, ರಾಣಿಗೆ ಇಪ್ಪತ್ತೆಂಟು, ಪಟ್ಟಕ್ಕೆ ಬರಬೇಕಾದ ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಕಿರಿಯ ನರಸಿಂಹರಾಜರು ಇನ್ನೂ ಚಿಕ್ಕ ಬಾಲಕ.

೧೮೯೫ರಲ್ಲಿ ಮಹಾರಾಣಿಯವರು ರಾಜಪ್ರತಿನಿಧಿಯಾಗಿ ಅಧಿಕಾರವನ್ನು ವಹಿಸಿಕೊಂಡರು. ದಿವಾನ ಶೇಷಾದ್ರಿ ಅಯ್ಯರ್ ಅವರೂ ಆಡಳಿತ ಮಂಡಲಿಯವರೂ ನೆರವಿಗೆ ಇದ್ದರು ನಿಜ. ಆದರೂ ವೈಧವ್ಯದ ದುಃಖದಲ್ಲಿಯೇ ರಾಜ್ಯದ ಹೊರೆಗೆ ಹೆಗಲು ಕೊಟ್ಟವರು ಆಕೆ. ಆ ಏಳು ವರ್ಷಗಳ ಗುರುತುಗಳು ಕನ್ನಡನಾಡಿನಲ್ಲಿ ಇಂದೂ ನಿಂತಿವೆ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು ಆಕೆಯ ಹೆಸರನ್ನೇ ಹೊತ್ತಿದೆ. ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುಚ್ಛಕ್ತಿ ೧೯೦೨ರಲ್ಲಿ ಮೊದಲು ಬಂದು ಮುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆಗೆ ೧೮೯೭ರಲ್ಲಿ ಅಸ್ತಿಭಾರವನ್ನಿಟ್ಟವರೂ ಆಕೆಯೇ.

ಅದಾದ ಮರುವರ್ಷವೇ ಪರೀಕ್ಷೆ ಬಂತು. ೧೮೯೮ರಲ್ಲಿ ಪ್ಲೇಗು ರೈಲಿನ ಹಾದಿ ಹಿಡಿದು ಬೆಂಗಳೂರಿಗೆ ಕಾಲಿಟ್ಟಿತು. ಸೋಂಕನ್ನು ತಡೆಯಲು ಸರ್ಕಾರವು ಅಂದು ಎಲ್ಲೆಲ್ಲಿಯೂ ಬಳಸುತ್ತಿದ್ದ ಕ್ರಮಗಳನ್ನೇ ಇಲ್ಲಿಯೂ ಬಳಸಿತು: ಮನೆಮನೆಯ ತಪಾಸಣೆ, ರೋಗಿಗಳನ್ನು ಬೇರ್ಪಡಿಸುವುದು, ಊರ ಹೊರಗಿನ ಶಿಬಿರಗಳು, ಮಾಡು ಕಿತ್ತು ಮನೆಯನ್ನು ಶುದ್ಧಿಮಾಡುವುದು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಗುರುತಿಲ್ಲದವರು ಒಳಮನೆಗೆ ನುಗ್ಗಿ ಹೆಂಗಸರನ್ನು ಪರೀಕ್ಷಿಸುವುದನ್ನೂ ಕಾಯಿಲೆಯವರನ್ನು ಕಣ್ಣೆದುರೇ ಎಳೆದೊಯ್ಯುವುದನ್ನೂ ಜನ ಸಹಿಸಲಿಲ್ಲ. ರೋಗವನ್ನು ಬಚ್ಚಿಟ್ಟರು, ಹೆಣಗಳನ್ನು ಗುಟ್ಟಾಗಿ ಸಾಗಿಸಿದರು, ಶ್ರೀರಂಗಪಟ್ಟಣದ ಕಡೆ ಗಲಭೆಯೇ ಆಯಿತು. ಬಲಾತ್ಕಾರಕ್ಕೆ ಬೆದರಿದ ಊರಿನಲ್ಲಿ ಸೋಂಕು ಅಡಗಿ ಬೆಳೆಯುತ್ತದೆಂಬ ಪಾಠವನ್ನು ಆಡಳಿತಗಾರರು ಕಷ್ಟದಿಂದ ಕಲಿಯಬೇಕಾಯಿತು. ಮಹಾರಾಣಿಯವರ ಆಳ್ವಿಕೆಯನ್ನು ಹೊಗಳುವಾಗ ಈ ಕಹಿಯನ್ನು ಮರೆಮಾಚುವುದು ನ್ಯಾಯವಲ್ಲ. ಬಸವನಗುಡಿ ಮಲ್ಲೇಶ್ವರಗಳ ವಿಶಾಲವಾದ ಬೀದಿಗಳು ಆ ಕಾಲದ ಒಳಿತಾದರೆ, ಆ ಭಯ ಆ ಕಾಲದ ಎಚ್ಚರಿಕೆ.

೧೯೦೨ರ ಆಗಸ್ಟಿನಲ್ಲಿ ರಾಜ್ಯವನ್ನು ಮಗನ ಕೈಗೊಪ್ಪಿಸಿ ಅವರು ಅರಮನೆಯ ಒಳಬಾಳಿಗೆ ಮರಳಿದರು. ಆದರೆ ಸೋಂಕು ಅಲ್ಲಿಗೂ ಬೆನ್ನಟ್ಟಿ ಬಂತು. ಮಗಳು ಕೃಷ್ಣಾಜಮ್ಮಣ್ಣಿಯವರು ಚಿಕ್ಕ ವಯಸ್ಸಿನಲ್ಲಿಯೇ ಕ್ಷಯಕ್ಕೆ ಬಲಿಯಾದರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ಬಿಡಲಿಲ್ಲ. ಕ್ಷಯವು ತಾಯಿಯ ರಕ್ತದಿಂದ ಕೂಸಿಗೆ ಇಳಿಯುವುದು ತೀರ ಅಪರೂಪ. ಅದು ಉಸಿರಿನಿಂದ ಉಸಿರಿಗೆ ದಾಟುತ್ತದೆ. ತಾಯಿಯ ಮಡಿಲಿಗಿಂತ ಹತ್ತಿರದ ಉಸಿರು ಮಗುವಿಗೆ ಬೇರೆ ಯಾವುದಿದೆ? ಕೋಖ್ ಎಂಬ ಜರ್ಮನ್ ವಿಜ್ಞಾನಿ ೧೮೮೨ರಲ್ಲಿಯೇ ಆ ರೋಗದ ಕ್ರಿಮಿಯನ್ನು ಕಂಡುಹಿಡಿದಿದ್ದರೂ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಮದ್ದು ಬೆಳಕಿಗೆ ಬಂದದ್ದು ೧೯೪೩ರಲ್ಲಿ. ನಡುವಣ ಅರುವತ್ತು ವರ್ಷ ಅರಮನೆಗೂ ಗುಡಿಸಲಿಗೂ ಒಂದೇ ನಿಸ್ಸಹಾಯಕತೆ. ಮಗಳ ನೆನಪಿನಲ್ಲಿ ಮೈಸೂರಿನಲ್ಲಿ ಕೃಷ್ಣಾಜಮ್ಮಣ್ಣಿ ಕ್ಷಯ ಚಿಕಿತ್ಸಾಲಯವು ೧೯೨೧ರಲ್ಲಿ ತೆರೆಯಿತು. ಒಂದು ಮನೆಯ ಶೋಕ ಸಾವಿರ ಮನೆಗಳಿಗೆ ಹಾಸಿಗೆಯಾಯಿತು.

೧೯೩೪ರ ಜುಲೈನಲ್ಲಿ ಮಹಾರಾಣಿಯವರು ಕಾಲವಾದರು. ಮರುವರ್ಷ ಬೆಂಗಳೂರಿನ ಕೋಟೆಯ ಬಳಿ, ಅವರೇ ಅಸ್ತಿಭಾರವನ್ನಿಟ್ಟಿದ್ದ ವಿಕ್ಟೋರಿಯ ಆಸ್ಪತ್ರೆಯ ನೆರೆಯಲ್ಲಿ, ಹೆಂಗಸರಿಗಾಗಿ ಮತ್ತು ಮಕ್ಕಳಿಗಾಗಿ ವಾಣಿವಿಲಾಸ ಆಸ್ಪತ್ರೆ ಪ್ರಾರಂಭವಾಯಿತು.

ಇಂದು ಇಂತಹ ಆಸ್ಪತ್ರೆಗಳಿಗೆ ಬರುವ ಬಸುರಿಯ ರಕ್ತವನ್ನು ಎಚ್.ಐ.ವಿ., ಸಿಫಿಲಿಸ್, ಹೆಪಟೈಟಿಸ್ ಬಿ ಎಂಬ ಮೂರು ಸೋಂಕುಗಳಿಗಾಗಿ ಪರೀಕ್ಷಿಸುತ್ತಾರೆ. ಮೂರೂ ತಾಯಿಯಿಂದ ಕೂಸಿಗೆ ಇಳಿಯಬಲ್ಲವು. ಮೂರನ್ನೂ ತಡೆಯುವ ಉಪಾಯಗಳಿವೆ. ಚಿಕಿತ್ಸೆಯಿಲ್ಲದಿದ್ದರೆ ಎಚ್.ಐ.ವಿ. ನೂರಕ್ಕೆ ೧೫ರಿಂದ ೪೫ ಕೂಸುಗಳಿಗೆ ತಗಲುತ್ತದೆ; ತಾಯಿಗೆ ಸಕಾಲದಲ್ಲಿ ಔಷಧ ಸಿಕ್ಕರೆ ಅದು ನೂರಕ್ಕೆ ಐದಕ್ಕೂ ಕೆಳಗಿಳಿಯುತ್ತದೆ. ಸಿಫಿಲಿಸ್‌ಗೆ ಪೆನಿಸಿಲಿನ್ ಸಾಕು. ಹುಟ್ಟಿದ ೨೪ ಗಂಟೆಗಳೊಳಗೆ ಹಾಕುವ ಲಸಿಕೆ ಹೆಪಟೈಟಿಸ್ ಬಿ ರೋಗವನ್ನು ಬಹುಮಟ್ಟಿಗೆ ತಡೆಯುತ್ತದೆ. ಮಹಾರಾಣಿಯವರ ಕಾಲದಲ್ಲಿ ಇಲ್ಲದಿದ್ದ ಮದ್ದು ಈಗ ಇದೆ.

ಆದರೆ ೧೮೯೮ರ ಪಾಠ ಹಳೆಯದಾಗಿಲ್ಲ. ಶ್ರೀನಿವಾಸಪುರದ ಒಂದು ಹಳ್ಳಿಯ ಸೊಸೆಗೆ ರಕ್ತದಲ್ಲಿ ಸೋಂಕಿದೆಯೆಂದು ತಿಳಿಯಿತೆನ್ನಿ. ಆ ಮಾತು ವೈದ್ಯರ ಕೊಠಡಿಯಿಂದ ಜಗುಲಿಗೆ ಬಂದರೆ, ಗಂಡನಿಂದಲೇ ಬಂದ ರೋಗಕ್ಕೂ ಅವಳೇ ಅಪರಾಧಿ. ಅತ್ತೆಯ ಮನೆಯ ಬಾಗಿಲು ಮುಚ್ಚಬಹುದು, ತವರಿನದೂ ಮುಚ್ಚಬಹುದು. ಆ ಭಯಕ್ಕೆ ಅವಳು ಮತ್ತೆ ಆಸ್ಪತ್ರೆಯ ಕಡೆ ತಲೆಹಾಕದಿದ್ದರೆ ಮದ್ದಿದ್ದೂ ಕೂಸು ಉಳಿಯದು. ಅದಕ್ಕಾಗಿಯೇ ನಮ್ಮ ದೇಶದ ೨೦೧೭ರ ಎಚ್.ಐ.ವಿ. ಕಾಯಿದೆ, ೨೦೧೮ರಿಂದ ಜಾರಿಯಲ್ಲಿರುವುದು, ಕೆಲವು ಹಕ್ಕುಗಳನ್ನು ಬರೆದಿಟ್ಟಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡಬಾರದು, ಫಲವನ್ನು ಗುಟ್ಟಾಗಿಡಬೇಕು, ಸೋಂಕಿನ ನೆಪದಿಂದ ಚಿಕಿತ್ಸೆಯನ್ನು ನಿರಾಕರಿಸಬಾರದು, ಬಸುರಿಯ ಸಮ್ಮತಿಯಿಲ್ಲದೆ ಗರ್ಭಪಾತವನ್ನಾಗಲಿ ಸಂತಾನಹರಣವನ್ನಾಗಲಿ ಮಾಡಬಾರದು. ಕೂಸನ್ನು ಉಳಿಸುವ ಆತುರದಲ್ಲಿ ತಾಯಿಯನ್ನು ಕೇವಲ ಪಾತ್ರೆಯೆಂದು ಬಗೆಯಬಾರದೆಂಬುದೇ ಇವೆಲ್ಲದರ ತಿರುಳು. ಅವಳಿಗೂ ಮದ್ದು ಬೇಕು, ಮಾನವೂ ಬೇಕು.

ವಾಣೀವಿಲಾಸ ಸನ್ನಿಧಾನದವರು ಈ ರೋಗಗಳ ಹೊಸ ವಿಜ್ಞಾನವನ್ನು ಕಾಣಲಿಲ್ಲ. ಈ ಹಕ್ಕುಗಳ ಭಾಷೆಯನ್ನೂ ಕೇಳಲಿಲ್ಲ. ಆದರೆ ಗಂಡನನ್ನೂ ಮಗಳನ್ನೂ ಮೊಮ್ಮಕ್ಕಳನ್ನೂ ಸೋಂಕಿಗೆ ಒಪ್ಪಿಸಿದ ಆ ತಾಯಿಗೆ, ರೋಗ ತಗಲಿದವಳು ಯಾರದೋ ಮಗಳು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಹೆಸರಿನ ಬಾಗಿಲನ್ನು ದಾಟಿ ಒಳಗೆ ಹೋಗುವ ನಮ್ಮ ಕೋಲಾರದ ಹೆಣ್ಣುಮಗಳು ಅಂಜಿಕೆಯಿಲ್ಲದೆ ಹೋಗಿ, ಕೂಸಿನೊಡನೆ ತಲೆಯೆತ್ತಿ ಹೊರಗೆ ಬರುವಂತಾದರೆ, ಆ ಹೆಸರನ್ನು ಅಲ್ಲಿ ಬರೆದದ್ದು ಸಾರ್ಥಕ.