ದೇವರಾಜ ಅರಸು: ಕುರ್ಚಿ ಹೋಯಿತು, ಪಹಣಿ ಉಳಿಯಿತು

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ವ್ಯಾಪಾರ, ಕೆಲಸ ಅಂತ ಬಂದು ನೆಲೆಸಿರುವ ನಮ್ಮವರ ಮನೆಗಳಲ್ಲಿ ಊರಿನ ಅಡಿಕೆ ತೋಟದ ಮಾತು ಬಂದರೆ ಹಿರಿಯರು ಈಗಲೂ ಒಬ್ಬರನ್ನು ನೆನೆಯುತ್ತಾರೆ. ಅವರೇ ಡಿ. ದೇವರಾಜ ಅರಸು.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ. ಬೆಂಗಳೂರಿನಲ್ಲಿ ಪದವಿ ಓದಿ, ಊರಿಗೆ ಮರಳಿ ಬೇಸಾಯ ಮಾಡಿದರು. ಅವರದು ಬೆರಳೆಣಿಕೆಯ ಜನರಿರುವ ಸಮುದಾಯ. ಜಾತಿಯ ಬಲ ಇಲ್ಲದ ಅವರು ಬಡವರನ್ನೂ ಹಿಂದುಳಿದವರನ್ನೂ ಅಲ್ಪಸಂಖ್ಯಾತರನ್ನೂ ಒಟ್ಟುಗೂಡಿಸಿ ಬಲ ಕಟ್ಟಿಕೊಂಡರು. 1972ರಲ್ಲಿ ಮುಖ್ಯಮಂತ್ರಿಯಾದರು.

ಬಡತನ ತೊಲಗಿಸುವ ಮಾತು ಆಗ ಎಲ್ಲ ವೇದಿಕೆಯಲ್ಲೂ ಇತ್ತು. ಅರಸು ಅದನ್ನು ಕಾಯಿದೆಯಾಗಿ ಬರೆಸಿದರು. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ 7ನೇ ನಮೂನೆ ತುಂಬಿ ತಾಲೂಕಿನ ಭೂನ್ಯಾಯ ಮಂಡಳಿಯ ಮುಂದೆ ತಾನೇ ನಿಂತು ಹೇಳಿದರೆ ಸಾಕಿತ್ತು. ಅಲ್ಲಿ ವಕೀಲರಿಗೆ ಅವಕಾಶವಿರಲಿಲ್ಲ. ಗೇಣಿ ಹೆಚ್ಚಾಗಿದ್ದ ನಮ್ಮ ಕರಾವಳಿಯಲ್ಲಿ ಇದರ ಫಲ ದೊಡ್ಡದಾಗಿತ್ತು. ಹಾವನೂರು ವರದಿಯ ಹಿಂದುಳಿದವರ ಪಟ್ಟಿಯಲ್ಲಿ ಇಲ್ಲದ ಮುಸ್ಲಿಮರನ್ನೂ 1977ರಲ್ಲಿ ಅರಸು ಸರಕಾರ ಮೀಸಲಾತಿಗೆ ಸೇರಿಸಿತು.

ಆದರೆ ಇನ್ನೊಂದು ಮುಖವನ್ನೂ ನಾವು ಮುಚ್ಚಿಡಬಾರದು. ತುರ್ತು ಪರಿಸ್ಥಿತಿಯಲ್ಲಿ ಅರಸು ಇಂದಿರಾ ಗಾಂಧಿಯವರ ಜೊತೆಗೇ ನಿಂತರು. ವಿರೋಧಿಗಳು ಬೆಂಗಳೂರಿನ ಜೈಲು ಸೇರಿದರು. ಅಲ್ಲಿ ಬಂದಿಯಾಗಿದ್ದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅರಸು ಸರಕಾರದ ಮೇಲೆ ಭ್ರಷ್ಟಾಚಾರದ ಆರೋಪ ಬಂದು ಗ್ರೋವರ್ ಆಯೋಗ ತನಿಖೆಯನ್ನೂ ನಡೆಸಿತು.

ತುರ್ತು ಪರಿಸ್ಥಿತಿ ಮುಗಿದ ಮೇಲೆ ಉತ್ತರ ಭಾರತ ಇಂದಿರಾರನ್ನು ತಿರಸ್ಕರಿಸಿತು. ಕರ್ನಾಟಕ ಮಾತ್ರ 28ರಲ್ಲಿ 26 ಲೋಕಸಭಾ ಸ್ಥಾನ ಕೊಟ್ಟಿತು. 1978ರಲ್ಲಿ ಅರಸು ಮತ್ತೆ ಗೆದ್ದರು. ಅದೇ ವರ್ಷ ಇಂದಿರಾ ಚಿಕ್ಕಮಗಳೂರಿನಿಂದ ಲೋಕಸಭೆಗೆ ಹೋದರು. ಮರುವರ್ಷವೇ ಇಬ್ಬರೂ ಬೇರೆಯಾದರು. 1980ರ ಚುನಾವಣೆಯಲ್ಲಿ ಜನ ಇಂದಿರಾರ ಹೆಸರಿಗೆ ಮತ ಹಾಕಿದರು, 27 ಸ್ಥಾನ ಕೊಟ್ಟರು. ಭೂಮಿ ಕೊಟ್ಟ ಅರಸು ಒಂಟಿಯಾದರು, ಕುರ್ಚಿ ಬಿಟ್ಟರು. 1982ರ ಜೂನ್ 6ರಂದು ನಿಧನರಾದರು.

ಇದರಲ್ಲಿ ನಮಗೊಂದು ಪಾಠ ಇದೆ. ಜೈಕಾರ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಕಾಯಿದೆಯಲ್ಲಿ ಬರೆದ ಹಕ್ಕು ಹಾಗೆ ಸುಲಭವಾಗಿ ಹೋಗುವುದಿಲ್ಲ. ಅರಸು ಸೋತ ಮರುದಿನವೂ ಪಹಣಿಯಲ್ಲಿ ಗೇಣಿದಾರನ ಹೆಸರು ಹಾಗೇ ಇತ್ತು. ಮತ ಕೇಳಲು ಬರುವವರ ಹತ್ತಿರ ನಾವು ಕೇಳಬೇಕಾದ್ದೂ ಅಂಥ ಕೆಲಸವನ್ನೇ. ಉಪಕಾರವನ್ನು ನೆನೆಯೋಣ, ತಪ್ಪನ್ನೂ ಮರೆಯದಿರೋಣ. ಎರಡನ್ನೂ ಮಕ್ಕಳಿಗೆ ಹೇಳಿಕೊಡೋಣ.